ರಾತ್ರಿ ತರಗತಿಯ ಪಥ್ಯಪಾಠ

ರಾತ್ರಿ ಒಂಬತ್ತೂವರೆ. ಪಾತ್ರೆ ತೊಳೆದಾಗಿದೆ, ನಾಳೆಯ ಇಡ್ಲಿ ಹಿಟ್ಟು ರುಬ್ಬಿಟ್ಟಾಗಿದೆ, ಮಕ್ಕಳು ಮಲಗಿದ್ದಾರೆ, ಇಲ್ಲವೇ ಮಲಗಿದಂತೆ ನಟಿಸುತ್ತಿದ್ದಾರೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಪ್ರೊಫೆಸರೊಬ್ಬರು ರಕ್ತದಲ್ಲಿರುವ ಗ್ಲೂಕೋಸ್ ಜೀವಕೋಶದೊಳಗೆ ಹೇಗೆ ಇಳಿಯುತ್ತದೆ ಎಂದು ಚಿತ್ರ ಬರೆದು ವಿವರಿಸುತ್ತಿದ್ದಾರೆ. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ತಾಯಿ ಅದನ್ನು ಬರೆದುಕೊಳ್ಳುತ್ತಿದ್ದಾಳೆ. ಅದೇ ಹೊತ್ತಿಗೆ ಅದೇ ಪಾಠವನ್ನು ಮಂಗಳೂರಿನಲ್ಲಿ ಡ್ಯೂಟಿ ಮುಗಿಸಿ ಬಂದ ನರ್ಸ್, ದಾವಣಗೆರೆಯ ಶಾಲಾ ಶಿಕ್ಷಕಿ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿಯ ಜಿಮ್ ಟ್ರೈನರ್ ಕೂಡ ಕೇಳುತ್ತಿರಬಹುದು.

ಕಳೆದ ಹಲವು ವರ್ಷಗಳಲ್ಲಿ ನಮ್ಮಲ್ಲಿ ಪೋಷಣಾ ವಿಜ್ಞಾನ ಓದಲು ಹೊರಟವರ ಚಿತ್ರ ಹೆಚ್ಚುಕಡಿಮೆ ಹೀಗೇ ಇತ್ತು. ಕಾರಣ ದೂರ ಹುಡುಕಬೇಕಿಲ್ಲ. ಅಪ್ಪನಿಗೆ ಶುಗರ್, ಅತ್ತೆಗೆ ಬಿ.ಪಿ., ತನಗೆ ಥೈರಾಯ್ಡ್, ಮಗಳಿಗೆ ಪಿಸಿಒಡಿ. ಡಾಕ್ಟರು ಐದು ನಿಮಿಷದಲ್ಲಿ ಚೀಟಿ ಬರೆದು, ‘ಊಟ ಸ್ವಲ್ಪ ನೋಡಿಕೊಳ್ಳಿ’ ಎಂದು ಕಳಿಸುತ್ತಾರೆ. ಏನು ನೋಡಿಕೊಳ್ಳಬೇಕು ಎಂಬುದನ್ನು ಹೇಳುವವರು ಯಾರೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿತು. ಇಷ್ಟು ಜನರಿಗೆ ತಟ್ಟೆಯ ಮುಂದೆ ಕೂತು ಬುದ್ಧಿ ಹೇಳುವವರು ಬೇಕೇ ಬೇಕು. ಆ ಕೆಲಸ ನಾನೇ ಕಲಿಯುತ್ತೇನೆ ಎಂದು ಯಾರಾದರೂ ಹೊರಟರೆ ಅದು ಖುಷಿಯ ಸಂಗತಿಯೇ.

ಆದರೆ 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಈ ದಾರಿಗೆ ಗೇಟು ಹಾಕಿತು. ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಪೋಷಣಾ ಪದವಿ ಕೊಡುವಂತಿಲ್ಲ ಎಂದಿತು. ಸುದ್ದಿ ಒಂದು ದಿನ ಪತ್ರಿಕೆಗಳಲ್ಲಿ ಬಂದು ಹೋಯಿತು. ಜಾಹೀರಾತುಗಳು ಮಾತ್ರ ಹೋಗಿಲ್ಲ. ‘ಮನೆಯಲ್ಲೇ ಕೂತು ನ್ಯೂಟ್ರಿಷನಿಸ್ಟ್ ಆಗಿ’ ಎಂಬ ಕರೆ ಈಗಲೂ ಮೊಬೈಲಿಗೆ ಬರುತ್ತದೆ. ಹಾಗಾಗಿ ಈ ಓದಿನೊಳಗೆ ಏನಿದೆ, ಪರದೆಯಲ್ಲಿ ಅದರ ಎಷ್ಟು ಭಾಗ ಕಲಿಯಬಹುದು, ಗೇಟು ಯಾಕೆ ಬಿತ್ತು ಎಂಬುದನ್ನು ನೋಡೋಣ.

ಪುಸ್ತಕದೊಳಗಿನ ರಾಗಿ

ಪೋಷಣೆಯ ಓದು ಎಂದರೆ ಪಾಲಕ್‌ನಲ್ಲಿ ಕಬ್ಬಿಣ, ಕ್ಯಾರೆಟ್‌ನಲ್ಲಿ ವಿಟಮಿನ್ ಎ ಎಂಬ ಪಟ್ಟಿ ಬಾಯಿಪಾಠ ಮಾಡುವುದು ಎಂದುಕೊಂಡು ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲೇ ಆಘಾತ ಕಾದಿರುತ್ತದೆ. ಶುರುವಾಗುವುದೇ ಜೀವರಸಾಯನಶಾಸ್ತ್ರದಿಂದ. ಆಮೇಲೆ ಶರೀರಕ್ರಿಯೆ, ಆಹಾರ ವಿಜ್ಞಾನ, ಸೂಕ್ಷ್ಮಜೀವಿಗಳು, ಸಂಖ್ಯಾಶಾಸ್ತ್ರ. ರೋಗಿಗೆ ಪಥ್ಯ ಬರೆಯುವ ಪತ್ರಿಕೆ ಬರುವುದು ಇವೆಲ್ಲ ದಾಟಿದ ಮೇಲೆ. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟು ಇಪ್ಪತ್ತು ವರ್ಷವಾದವರು ಇಲ್ಲೇ ಸೊರಗುತ್ತಾರೆ.

ಈ ವಿದ್ಯೆಗೆ ನಮ್ಮ ನೆರೆಯಲ್ಲೇ ಶತಮಾನದ ಇತಿಹಾಸವಿದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಬೆನ್ನು ಹತ್ತಿದರು. ಮುಂದೆ ಅವರು ಇಲಿಗಳಿಗೆ ದೇಶದ ಬೇರೆ ಬೇರೆ ಭಾಗದ ಊಟ ಹಾಕಿ ಯಾವ ಇಲಿ ಹೇಗೆ ಬೆಳೆಯುತ್ತದೆ ಎಂದೂ ನೋಡಿದರು. ಗೋಧಿ ರೊಟ್ಟಿ, ಬೇಳೆ, ಹಾಲು, ತರಕಾರಿಯ ಸಿಖ್ಖರ ಊಟ ತಿಂದವು ಗೆದ್ದವು. ಪಾಲಿಶ್ ಮಾಡಿದ ಅಕ್ಕಿಯ ದಕ್ಷಿಣದ ಊಟ ತಿಂದವು ಹಿಂದೆ ಬಿದ್ದವು. ಅನ್ನ ಸಾರು ಪ್ರಿಯರಾದ ನಮಗೆ ಅಷ್ಟು ಹಿತವಲ್ಲದ ಫಲಿತಾಂಶ! ಆ ಒಂದು ಕೋಣೆಯ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ.

ಆ ಸಂಸ್ಥೆಯ ಆಹಾರ ಕೋಷ್ಟಕಗಳು ವಿದ್ಯಾರ್ಥಿಗಳಿಗೆ ಪಂಚಾಂಗವಿದ್ದಂತೆ, ಅದಿಲ್ಲದೆ ಒಂದು ದಿನವೂ ಸಾಗದು. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಎಷ್ಟು? ಹಳೆಯ ಪುಸ್ತಕ 344 ಮಿಲಿಗ್ರಾಂ ಎನ್ನುತ್ತದೆ, 2017ರ ಹೊಸ ಕೋಷ್ಟಕ 364 ಎನ್ನುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಕೂಡ ಇಲ್ಲ. ಹೊಸ ಕೋಷ್ಟಕದಲ್ಲಿ ಶಕ್ತಿಯ ಲೆಕ್ಕ ಕಿಲೋಜೂಲ್‌ನಲ್ಲಿದೆ. ರಾಗಿಗೆ 1342 ಎಂದು ಬರೆದದ್ದನ್ನು ನೋಡಿ ಹೌಹಾರುವ ಹೊಸಬರು 4.184ರಿಂದ ಭಾಗಿಸಿ, ಸುಮಾರು 321 ಕ್ಯಾಲರಿ ಎಂದು ತಿಳಿದ ಮೇಲೆ ಉಸಿರು ಬಿಡುತ್ತಾರೆ. ಈ ಅಂಕಿಗಳೆಲ್ಲ ಒಣ ಧಾನ್ಯಕ್ಕೆ. ತಟ್ಟೆಗೆ ಬಂದ ಮುದ್ದೆಯಲ್ಲಿ ನೀರೂ ಇದೆ. ಹಸಿ ತೂಕ, ಬೇಯಿಸಿದ ತೂಕ ಎರಡನ್ನೂ ಕಲಸಿಬಿಟ್ಟರೆ ಇಡೀ ಡಯಟ್ ಚಾರ್ಟ್ ತಪ್ಪುತ್ತದೆ.

ಇಷ್ಟನ್ನು ಪರದೆಯ ಮೇಲೆ ಚೆನ್ನಾಗಿಯೇ ಕಲಿಯಬಹುದು. ಅರ್ಥವಾಗದ ಚಯಾಪಚಯದ ಪಾಠವನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡುವ ಸೌಕರ್ಯ ಯಾವ ಕಾಲೇಜಿನ ಬೆಂಚಿನಲ್ಲೂ ಇಲ್ಲ. ಆನ್‌ಲೈನ್ ಓದನ್ನು ಕೀಳೆಂದು ಕಾಣುವವರು ಈ ಒಂದು ವಿಷಯದಲ್ಲಿ ಸೋಲೊಪ್ಪಬೇಕು.

ನಡಿಗೆ, ನಿದ್ದೆ ಕೂಡ ಚಿಕಿತ್ಸೆ

ಈಚೆಗೆ ಇಂಥ ಕೋರ್ಸುಗಳ ಹೆಸರಿಗೆ ‘ಲೈಫ್‌ಸ್ಟೈಲ್ ಮೆಡಿಸಿನ್’ ಎಂಬ ಬಾಲವೂ ಸೇರಿಕೊಂಡಿದೆ. ಇದು ಅಮೆರಿಕದಲ್ಲಿ 2004ರಲ್ಲಿ ವೈದ್ಯರ ಸಂಘಟನೆಯಾಗಿ ರೂಪ ಪಡೆದ ಶಾಖೆ. ಆಹಾರ, ದೈಹಿಕ ಚಟುವಟಿಕೆ, ನಿದ್ದೆ, ಒತ್ತಡ ನಿಭಾವಣೆ, ತಂಬಾಕು ಮತ್ತು ಮದ್ಯದಿಂದ ದೂರ, ಜನರೊಂದಿಗಿನ ಒಡನಾಟ ಈ ಆರನ್ನು ಅದು ಚಿಕಿತ್ಸೆಯ ಕಂಬಗಳೆಂದು ಎಣಿಸುತ್ತದೆ. ನಮ್ಮ ಅಜ್ಜಿ ಹೇಳಿದ್ದೂ ಇದನ್ನೇ ಅಲ್ಲವೇ ಎನ್ನಿಸಬಹುದು. ಅಜ್ಜಿ ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸವಿರುವುದು ಪುರಾವೆಯಲ್ಲಿ.

ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ವಾರಕ್ಕೆ 150 ನಿಮಿಷದ ವ್ಯಾಯಾಮ, ದೇಹತೂಕದಲ್ಲಿ ಶೇ 7ರಷ್ಟು ಇಳಿಕೆ ಎಂಬ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವ ಸಾಧ್ಯತೆ ಶೇ 58 ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು ಶೇ 31. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ತಂಡ 531 ಜನರ ಮೇಲೆ ನಡೆಸಿದ ಭಾರತೀಯ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಜೀವನಶೈಲಿ ಬದಲಿಸಿದವರಲ್ಲಿ ಶೇ 28.5, ಮಾತ್ರೆಯವರಲ್ಲಿ ಶೇ 26.4, ಎರಡನ್ನೂ ಮಾಡಿದವರಲ್ಲಿ ಶೇ 28.2ರಷ್ಟು ಈ ಸಾಧ್ಯತೆ ತಗ್ಗಿತು. ಅಂದರೆ ನಮ್ಮಲ್ಲಿ ಲಾಭ ಅಮೆರಿಕದಷ್ಟು ದೊಡ್ಡದಲ್ಲ, ಆದರೂ ಮಾತ್ರೆಗೆ ಸರಿಸಮ. ‘ಊಟ ಬದಲಿಸಿದರೆ ಶುಗರ್ ಮಾಯ’ ಎಂದು ವಿಡಿಯೊ ಮಾಡುವವರು ಅಮೆರಿಕದ ಅಂಕಿಯನ್ನಷ್ಟೇ ಹೇಳಿ ಚೆನ್ನೈಯದನ್ನು ನುಂಗುತ್ತಾರೆ. ಒಳ್ಳೆಯ ಕೋರ್ಸು ಎರಡನ್ನೂ ಕಲಿಸುತ್ತದೆ.

ಅಮೆರಿಕದ ಆ ಪ್ರಯೋಗದಲ್ಲಿ ಜೀವನಶೈಲಿ ಬದಲಿಸುವ ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು. ಮೊದಲ ಆರು ತಿಂಗಳಲ್ಲೇ ಎದುರು ಕೂತು ಹದಿನಾರು ಪಾಠ. ಶೇ 58ರ ಹಿಂದೆ ಈ ಕೂತು ಮಾತಾಡುವ ಕೆಲಸ ಇತ್ತು. ಹಾಗೆಂದು ಮೊಬೈಲು ನಿಷ್ಪ್ರಯೋಜಕವೂ ಅಲ್ಲ. ಅದೇ ರಾಮಚಂದ್ರನ್ ತಂಡ 537 ಪುರುಷರಲ್ಲಿ ಅರ್ಧದಷ್ಟು ಜನಕ್ಕೆ ಬರೀ ಎಸ್‌ಎಂಎಸ್ ಮೂಲಕ ಸಲಹೆ ನೆನಪಿಸುತ್ತಾ ಹೋಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಂದೇಶ ಪಡೆದವರ ಪೈಕಿ ಶೇ 18, ಪಡೆಯದವರ ಪೈಕಿ ಶೇ 27 ಜನರಿಗೆ ಮಧುಮೇಹ ಬಂದಿತ್ತು. ಫೋನು ರೋಗಿಯನ್ನು ತಲುಪಬಲ್ಲದು. ಆದರೆ ಯಾರಿಗೆ ಯಾವ ಸಂದೇಶ ಎಂದು ತೀರ್ಮಾನಿಸುವವರನ್ನು ತಯಾರು ಮಾಡುವುದು ಬೇರೆಯೇ ಕೆಲಸ.

‘ನಿನ್ನೆ ಏನೇನು ತಿಂದಿರಿ?’

ಡಯಟಿಷಿಯನ್ ಒಬ್ಬರ ಕೆಲಸವನ್ನು ಹತ್ತಿರದಿಂದ ನೋಡಿ. ಅವರ ಮುಖ್ಯ ಉಪಕರಣ ಒಂದು ಪ್ರಶ್ನೆ: ಕಳೆದ ಇಪ್ಪತ್ತನಾಲ್ಕು ಗಂಟೆಯಲ್ಲಿ ಏನೇನು ತಿಂದಿರಿ, ಕುಡಿದಿರಿ? ಪಠ್ಯದಲ್ಲಿ ಇದಕ್ಕೆ ಅರ್ಧ ಪುಟ. ವಾರ್ಡಿನಲ್ಲಿ ಇದಕ್ಕೆ ಅರ್ಧ ಗಂಟೆ.

‘ಏನೂ ಇಲ್ಲ ಮೇಡಂ, ಎರಡು ಮುದ್ದೆ ಅಷ್ಟೆ’ ಎನ್ನುತ್ತಾರೆ ಮಂಡ್ಯ ಕಡೆಯ ಹಿರಿಯರು. ಎಷ್ಟು ದೊಡ್ಡ ಮುದ್ದೆ? ಕೈಯಲ್ಲಿ ತೋರಿಸುತ್ತಾರೆ. ಪಕ್ಕದಲ್ಲಿ ನಿಂತ ಸೊಸೆ ಇನ್ನಷ್ಟು ಅಗಲ ಮಾಡಿ ತೋರಿಸುತ್ತಾಳೆ. ಸಾರು ಯಾವುದು, ಬಸ್ಸಾರೋ ಉಪ್ಸಾರೋ? ಕಾಳು ಎಷ್ಟಿತ್ತು? ಕಾಫಿ ಎಷ್ಟು ಸಲ, ಸಕ್ಕರೆ ಎಷ್ಟು ಚಮಚ, ಚಮಚ ಯಾವ ಅಳತೆಯದು? ‘ಮಧ್ಯದಲ್ಲಿ ಏನೂ ತಿನ್ನಲ್ಲ’ ಎಂದವರ ಜೇಬಿನಲ್ಲಿ ಕೋಡುಬಳೆ ಪೊಟ್ಟಣ ಇರುತ್ತದೆ. ಅದು ಅವರ ಪಾಲಿಗೆ ತಿಂಡಿಯೇ ಅಲ್ಲ, ಬಾಯಾಡಿಸುವುದು. ಕೊನೆಗೆ, ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ, ಉಣ್ಣುವವರು ಎಷ್ಟು ಜನ ಎಂದು ಕೇಳಿ ಭಾಗಿಸಿದಾಗ ಅಸಲಿ ಲೆಕ್ಕ ಹೊರಬೀಳುತ್ತದೆ. ಈ ಕೊನೆಯ ಪ್ರಶ್ನೆಯನ್ನು ಸೊಸೆಯ ಮುಂದೆ ಕೇಳಬೇಕೋ, ಆಚೆ ಕರೆದು ಕೇಳಬೇಕೋ ಎಂಬುದನ್ನು ಹೇಳಿಕೊಡುವ ವಿಡಿಯೊ ಇಲ್ಲ. ನೂರು ಜನರನ್ನು ಮಾತಾಡಿಸಿದ ಹಿರಿಯರೊಬ್ಬರ ಹಿಂದೆ ನಿಂತು ಅದನ್ನು ಕಲಿಯಬೇಕು.

ಲೆಕ್ಕ ತಪ್ಪಿದರೆ ತೂಕ ಇಳಿಯದೇ ಹೋಗಬಹುದು, ಅಷ್ಟೆ. ರೋಗ ತಪ್ಪಾಗಿ ಓದಿದರೆ ಜೀವಕ್ಕೇ ಕುತ್ತು. ಎಳನೀರು, ಬಾಳೆಹಣ್ಣು, ಟೊಮೆಟೊ ಯಾರಿಗೆ ಬೇಡ? ಆದರೆ ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಿಸುವುದು ಇವೇ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಔಷಧದ ಪ್ರಮಾಣ ಬದಲಿಸದೆ, ದಿನಕ್ಕೆ ಹದಿನಾರು ಗಂಟೆ ಉಪವಾಸ ಹೇಳಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಇದ್ದಕ್ಕಿದ್ದಂತೆ ಸೊಪ್ಪಿನ ಪ್ರಮಾಣ ಏರಿಳಿಸಿದರೆ ಔಷಧದ ಲೆಕ್ಕ ಕೆಡುತ್ತದೆ, ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದಕ್ಕೆ ಕಾರಣ. ಇವೆಲ್ಲ ಪಠ್ಯದಲ್ಲಿ ಇವೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯಬಹುದು. ಎದುರಿಗಿರುವ ಕೇಸ್ ಶೀಟಿನಲ್ಲಿ ವೈದ್ಯರು ಗೀಚಿದ ಹತ್ತು ಔಷಧಗಳ ನಡುವೆ ಆ ಒಂದು ಹೆಸರು ಕಣ್ಣಿಗೆ ಬೀಳುವುದಕ್ಕೆ ಅಂಕ ಸಾಲದು.

ಗಂಟೆಗಳ ಲೆಕ್ಕ

‘ದಿನಕ್ಕೆ ಒಂದೇ ಗಂಟೆ ಸಾಕು’ ಎನ್ನುತ್ತವೆ ಜಾಹೀರಾತುಗಳು. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ ಮೂವತ್ತು ಗಂಟೆ ದುಡಿಮೆ. ಎಂಬತ್ತು ಕ್ರೆಡಿಟ್‌ನ ಸ್ನಾತಕೋತ್ತರ ಪದವಿಗೆ 2,400 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಇಪ್ಪತ್ತಮೂರು ಗಂಟೆ ಬೀಳುತ್ತದೆ, ಹಬ್ಬ, ಮದುವೆ, ಮಕ್ಕಳ ಜ್ವರ ಯಾವುದಕ್ಕೂ ರಜೆ ಇಲ್ಲದಂತೆ. ದಿನಕ್ಕೆ ಒಂದು ಗಂಟೆಯಾದರೆ ಆರೂವರೆ ವರ್ಷ. ಕೆಲಸ, ಮನೆ ಎರಡೂ ಇರುವವರು ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷಕ್ಕೆ ಎಳೆದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಜನಪ್ರಿಯವಾದದ್ದೇ ಹೀಗೆ ಎಳೆಯಲು ಬಿಟ್ಟದ್ದರಿಂದ. ಅದರ ಡಯಟೆಟಿಕ್ಸ್ ಸ್ನಾತಕೋತ್ತರ ಪದವಿ ದೇಶದ ಸಣ್ಣ ಊರುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಮದುವೆಯ ನಂತರ ಸಿಕ್ಕ ಎರಡನೆಯ ಅವಕಾಶವಾಗಿತ್ತು.

ಗೇಟು ಬಿದ್ದದ್ದು ಹೇಗೆ

ನಮ್ಮಲ್ಲಿ ಬಹುಕಾಲ ಯಾರು ಬೇಕಾದರೂ ತಮ್ಮ ಹೆಸರಿನ ಮುಂದೆ ‘ಡಯಟಿಷಿಯನ್’ ಎಂದು ಬೋರ್ಡು ಹಾಕಿಕೊಳ್ಳಬಹುದಿತ್ತು. ವೈದ್ಯರಿಗೆ ಮಂಡಳಿ ಇತ್ತು, ನರ್ಸ್‌ಗಳಿಗೆ ಮಂಡಳಿ ಇತ್ತು, ಇವರಿಗೆ ಇರಲಿಲ್ಲ. ಭಾರತೀಯ ಡಯಟೆಟಿಕ್ ಸಂಘ ನಡೆಸುವ ‘ರಿಜಿಸ್ಟರ್ಡ್ ಡಯಟಿಷಿಯನ್’ ಪರೀಕ್ಷೆಗೆ ವೃತ್ತಿಯಲ್ಲಿ ಗೌರವವಿತ್ತು, ಆದರೆ ಕಾನೂನಿನ ಬಲವಿರಲಿಲ್ಲ.

2021ರಲ್ಲಿ ಸಂಸತ್ತು ಸಂಯೋಜಿತ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಫಿಸಿಯೊಥೆರಪಿಯಿಂದ ಹಿಡಿದು ಪ್ರಯೋಗಾಲಯದ ತಂತ್ರಜ್ಞರವರೆಗೆ ಹತ್ತು ಗುಂಪುಗಳ ವೃತ್ತಿಗಳನ್ನು ಅದು ಒಂದೇ ಚಾವಣಿಯಡಿ ತಂದಿತು. ಡಯಟಿಷಿಯನ್, ಸಮುದಾಯ ಪೋಷಣಾ ತಜ್ಞರು, ಕ್ರೀಡಾ ಪೋಷಣಾ ತಜ್ಞರು ಅದರಲ್ಲಿ ಒಂದು ಗುಂಪು. ‘ಆರೋಗ್ಯ ಸೇವಾ ವೃತ್ತಿಪರ’ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಬೇಕು, ಅದೂ ಮೂರರಿಂದ ಆರು ವರ್ಷಗಳಲ್ಲಿ ಹರಡಿರಬೇಕು ಎಂದು ಕಾಯ್ದೆ ಹೇಳುತ್ತದೆ. ಪ್ರತಿ ರಾಜ್ಯದಲ್ಲೂ ಮಂಡಳಿ ಇರಬೇಕು, ವೃತ್ತಿಪರರು ಅದರಲ್ಲಿ ನೋಂದಾಯಿಸಿಕೊಳ್ಳಬೇಕು.

ಪೋಷಣೆ ಆರೋಗ್ಯ ಸೇವಾ ವೃತ್ತಿ ಎಂದಾದ ಮೇಲೆ ಅದನ್ನು ಬಿ.ಎ., ಬಿ.ಕಾಂ. ಹಾಗೆ ಅಂಚೆಯಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಯುಜಿಸಿ ಉತ್ತರಿಸಿದ್ದು 2025ರಲ್ಲಿ. ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನ, ಜೈವಿಕ ತಂತ್ರಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ ವಿಷಯಗಳಲ್ಲಿ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಹಲವು ಐಚ್ಛಿಕ ವಿಷಯಗಳಿರುವ ಪದವಿಯಾದರೆ ಇವುಗಳನ್ನು ಮಾತ್ರ ತೆಗೆಯಬೇಕು, ಉಳಿದವು ನಡೆಯಬಹುದು.

ನನ್ನ ಮಟ್ಟಿಗೆ ಈ ನಿರ್ಧಾರ ರೋಗಿಯ ಕಡೆಯಿಂದ ನೋಡಿದರೆ ಸರಿ, ವಿದ್ಯಾರ್ಥಿನಿಯ ಕಡೆಯಿಂದ ನೋಡಿದರೆ ಒರಟು. ಪರದೆಯಲ್ಲಿ ಕಲಿಯಲಾಗದ್ದು ಪಥ್ಯ ಬರೆಯುವ ಅಭ್ಯಾಸ, ಜೀವರಸಾಯನಶಾಸ್ತ್ರವಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹೊರಗಿಟ್ಟಾಗ ನಷ್ಟವಾಗುವುದು ಬೆಂಗಳೂರಿನ ವಿ.ಎಚ್.ಡಿ. ಗೃಹವಿಜ್ಞಾನ ಸಂಸ್ಥೆಗೋ ಮೈಸೂರಿನ ವಿಶ್ವವಿದ್ಯಾಲಯಕ್ಕೋ ದಿನವೂ ಹೋಗಿ ಬರಲಾಗದ ಕೊಪ್ಪ, ಕೂಡ್ಲಿಗಿಯವರಿಗೆ.

ಅಲ್ಲಿ ಹೇಗೆ?

ಅಮೆರಿಕದಲ್ಲಿ 2024ರ ಜನವರಿಯಿಂದ ನೋಂದಾಯಿತ ಡಯಟಿಷಿಯನ್ ಪರೀಕ್ಷೆ ಬರೆಯಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ತರಗತಿಯ ಪಾಠವನ್ನು ಆನ್‌ಲೈನ್‌ನಲ್ಲಿ ಓದುವವರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದರ ಜೊತೆ ಕನಿಷ್ಠ ಸಾವಿರ ಗಂಟೆ ಮೇಲ್ವಿಚಾರಣೆಯ ಅಭ್ಯಾಸ ಕಡ್ಡಾಯ. ಪಾಠ ಎಲ್ಲಿ ಬೇಕಾದರೂ ಕೇಳಿ, ಕೈ ಪಳಗಿಸಲು ಆಸ್ಪತ್ರೆಗೆ ಬನ್ನಿ ಎಂಬ ವ್ಯವಸ್ಥೆ. ನಮ್ಮ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳನ್ನು ಹೀಗೆ ಬಳಸಿಕೊಳ್ಳಲು ಯಾವ ಅಡ್ಡಿಯೂ ಕಾಣುವುದಿಲ್ಲ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ‘ಡಯಟಿಷಿಯನ್’ ಎಂಬ ಬಿರುದಿಗೆ ಕಾನೂನಿನ ರಕ್ಷಣೆ ಇದೆ, ನೋಂದಣಿ ಇಲ್ಲದೆ ಹಾಗೆ ಕರೆದುಕೊಂಡರೆ ಅಪರಾಧ. ‘ನ್ಯೂಟ್ರಿಷನಿಸ್ಟ್’ ಎಂಬುದಕ್ಕೆ ಆ ರಕ್ಷಣೆ ಇಲ್ಲ, ಅದಕ್ಕಿರುವುದು ಸ್ವಇಚ್ಛೆಯ ನೋಂದಣಿ. ಪೋಷಣೆ ಮತ್ತು ಜೀವನಶೈಲಿಯ ಎಷ್ಟೋ ಆಕರ್ಷಕ ಕೋರ್ಸುಗಳು ಈ ಸಡಿಲ ಜಾಗದಲ್ಲೇ ಹುಟ್ಟಿಕೊಂಡಿವೆ. ಗಂಡನ ಕೆಲಸದ ಮೇಲೆ ಲಂಡನ್ನಿಗೋ ರೆಡಿಂಗ್‌ಗೋ ಹೋದ ನಮ್ಮ ಹೆಣ್ಣುಮಕ್ಕಳು ಅಲ್ಲಿ ಸೇರುವಾಗ, ಊರಿನಲ್ಲಿ ಕೂತವರು ಇಲ್ಲಿಂದಲೇ ಸೇರುವಾಗ, ಆ ಪದವಿ ಈ ಎರಡರಲ್ಲಿ ಯಾವ ಹೆಸರಿಗೆ ದಾರಿ ಎಂದು ನೋಡಿಕೊಂಡರೆ ಒಳ್ಳೆಯದು. ಲೈಫ್‌ಸ್ಟೈಲ್ ಮೆಡಿಸಿನ್ ಪ್ರಮಾಣಪತ್ರ ಈಗಾಗಲೇ ಎಂ.ಬಿ.ಬಿ.ಎಸ್. ಮಾಡಿದವರಿಗೆ ಒಂದು ಹೆಚ್ಚುವರಿ ಗರಿ. ಉಳಿದವರನ್ನು ಅದು ವೈದ್ಯರನ್ನಾಗಿ ಮಾಡುವುದಿಲ್ಲ.

ಹಣ ಕಟ್ಟುವ ಮುನ್ನ

ಕೌನ್ಸೆಲರ್ ಫೋನು ಮಾಡಿ ‘ಇವತ್ತೇ ಸೇರಿದರೆ ರಿಯಾಯಿತಿ’ ಎಂದಾಗ ನಿಮಗೆ ಬೇಕಾದದ್ದೇನು ಎಂಬುದು ನಿಮಗೆ ಮೊದಲು ಗೊತ್ತಿರಲಿ. ಮನೆಯವರ ಆರೋಗ್ಯಕ್ಕೆ, ಶಾಲೆಯ ಪಾಠಕ್ಕೆ, ಜಿಮ್‌ನಲ್ಲಿ ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಲು ಓದುವುದಾದರೆ ಸರ್ಟಿಫಿಕೇಟಿನ ತಕರಾರೇ ಇಲ್ಲ. ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಪೋಷಣೆಯ ಪಾಠಗಳು ಉಚಿತವಾಗಿ ಸಿಗುತ್ತವೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಹದಿನೇಳು ಆಹಾರ ಮಾರ್ಗಸೂಚಿಗಳ ಪುಸ್ತಕವೊಂದನ್ನು ಗಮನವಿಟ್ಟು ಓದಿದರೆ ಅರ್ಧ ಕೋರ್ಸು ಓದಿದಂತೆ. ದೇಶದ ರೋಗಭಾರದಲ್ಲಿ ಶೇ 56.4ರಷ್ಟಕ್ಕೆ ಕೆಟ್ಟ ಆಹಾರಕ್ರಮ ಕಾರಣ ಎಂಬ ಅಂದಾಜು ಅದರಲ್ಲಿದೆ. ಪ್ರೋಟೀನ್ ಪುಡಿಯ ಡಬ್ಬಿ ಬೇಡ ಎಂಬ ಮಾತೂ ಇದೆ, ಜಿಮ್‌ಗಳಿಗೆ ಅದು ರುಚಿಸಲಿಲ್ಲ.

ಹಣ ಪಡೆದು ಸಲಹೆ ಕೊಡುವ ಕುರ್ಚಿಯಲ್ಲಿ ಕೂರಬೇಕೆಂದಿದ್ದರೆ ವಿಚಾರ ಬೇರೆ. ಯಾವುದೇ ಆನ್‌ಲೈನ್ ಪದವಿಗೆ ಸೇರುವ ಮುನ್ನ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿವೆಯೇ ನೋಡಿ. ವಿದ್ಯಾರ್ಥಿಗೂ ಈಗ ಆ ವಿಭಾಗದ ಗುರುತಿನ ಸಂಖ್ಯೆ ಕಡ್ಡಾಯ. ‘ನಮ್ಮದು ಡಿಪ್ಲೊಮಾ, ಅದಕ್ಕೆ ಯುಜಿಸಿ ಬೇಡ’ ಎಂದರೆ, ಅದರಿಂದ ರಾಜ್ಯ ಮಂಡಳಿಯಲ್ಲಿ ನೋಂದಣಿ ಆಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ, ಯಾರ ಕೈಕೆಳಗೆ ಎಂದೂ ಕೇಳಿ. ‘ವರ್ಚುವಲ್ ಇಂಟರ್ನ್‌ಶಿಪ್’ ಎಂಬ ಉತ್ತರ ಬಂದರೆ ಫೋನು ಇಡಬಹುದು.

ಈಗಾಗಲೇ ಸಣ್ಣ ಕೋರ್ಸು ಮುಗಿಸಿ ರೀಲ್ಸ್ ಮಾಡುತ್ತಿರುವವರಿಗೂ ಒಂದು ಮಾತು. ಆರೋಗ್ಯದ ಬಗ್ಗೆ ತಜ್ಞರಂತೆ ಮಾತಾಡುವ ಸಾಮಾಜಿಕ ಜಾಲತಾಣದ ತಾರೆಯರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು, ಮಾನ್ಯ ಸಂಸ್ಥೆಯ ಪ್ರಮಾಣಪತ್ರ ಇರುವವರು ಅದನ್ನು ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ನೀರು ಕುಡಿಯಿರಿ, ನಡೆಯಿರಿ, ಬೇಗ ಮಲಗಿ ಎಂಬ ಸಾಮಾನ್ಯ ಮಾತಿಗೆ ಇದರ ಕಾಟವಿಲ್ಲ. ನಿರ್ದಿಷ್ಟ ಕಾಯಿಲೆಗೆ ಇಂಥದ್ದು ತಿನ್ನಿ ಎಂದರೆ, ಅಥವಾ ಒಂದು ಡಬ್ಬಿಯನ್ನು ಎತ್ತಿ ಹಿಡಿದು ತೋರಿಸಿದರೆ ನಿಯಮ ಅನ್ವಯಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತು ಎಂದು ಸಾಬೀತಾದರೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಂಡ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ.